ಕಂಬಳಿ ಹೊದ್ದ ಸೇವಂತಿಗೆ

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಹೂವಿನಹಡಗಲಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು, ಅವರ ಮನೆಯ ಮಹಡಿಯ ಎರಡು ಕೋಣೆ ಬಾಡಿಗೆಗೆ ಹಿಡಿದ ಮೊದಲ ವಾರವೇ ನಾನು ಬೈಸಿಕೊಂಡೆ. ಬಚ್ಚಲ ದೀಪ ಆರಿಸದೆ ಶಾಲೆಗೆ ಹೋಗಿದ್ದೆ. ಸಂಜೆ ಬಂದರೆ ಮೆಟ್ಟಿಲ ಕೆಳಗೆ ಕಾದು ನಿಂತಿದ್ದಾರೆ!

"ಟೀಚರ್ರ, ನಿಮ್ಮ ಬಚ್ಚಲದಾಗ ಯಾರರ ಅದಾರೇನ್ರಿ?"

"ಯಾರೂ ಇಲ್ಲ. ಯಾಕ್ರಿ?"

"ಮತ್ತ ಅಲ್ಲಿ ದೀಪ ಯಾರ ಮಾರಿ ನೋಡಾಕ ಹತ್ತೈತಿ?"

ನನಗೂ ಬಾಯಿ ಕಮ್ಮಿಯಲ್ಲ. "ಮರೆತೆ ಕಣ್ರೀ, ಅದಕ್ಕೆ ನೇಣು ಹಾಕ್ತೀರೇನು?" ಎಂದೆ. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಏನ್ರಿ, ಬಂದ ವಾರಕ್ಕ ಜಗಳ ತಗದ್ರೇನು? ಬಾ ತಂಗಿ ಒಳಗ, ಚಾ ಕುಡಿ." ಆ ಒಂದು ಲೋಟ ಚಹಾಕ್ಕೆ ಆಕೆ ನನಗೆ ಅಕ್ಕ ಆದಳು, ಅವರು ಅಣ್ಣಾರು ಆದರು. ಊರಿಗೆಲ್ಲ ಅವರು ಲೈನ್‌ಮನ್ ಸಾಹೇಬ್ರು. ಸುಮಾರು ಮೂವತ್ತು ವರ್ಷ ಆ ಸುತ್ತಿನ ಹಳ್ಳಿಗಳಲ್ಲಿ ಕಂಬ ಹತ್ತಿದವರು.

ಹೋದ ಭಾದ್ರಪದದಲ್ಲಿ ಅಣ್ಣಾರು ತೀರಿಕೊಂಡರು. ನಾನೀಗ ವರ್ಗವಾಗಿ, ಮದುವೆಯಾಗಿ ಹರಪನಹಳ್ಳಿಯಲ್ಲಿದ್ದೇನೆ. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. "ಯಾವ ಕಂಬದ ಮ್ಯಾಲರ ಲೈನ್‌ಮನ್ ಹೆಸರು ಬರದಿದ್ದು ನೋಡೀರೇನ್ರಿ?" ಎಂದು ಅವರೇ ನಗುತ್ತಿದ್ದರು.

ಸಣಕಲು ಮೈ. ಸಾಮಾನಿನ ಚೀಲ ಹೊತ್ತೂ ಹೊತ್ತೂ ಬಲಹೆಗಲು ಒಂದಿಷ್ಟು ಇಳಿದಿತ್ತು. ನಿವೃತ್ತಿಯಾದ ಮೇಲೂ ಖಾಕಿ ಅಂಗಿಯೇ, ಬೇರೆಯವರು ಪೆನ್ನು ಸಿಗಿಸುವ ಜೇಬಿನಲ್ಲಿ ಟೆಸ್ಟರ್. ಏನನ್ನು ಮುಟ್ಟುವುದಿದ್ದರೂ ಮೊದಲು ಕೈಯ ಬೆನ್ನಿನಿಂದ ಮುಟ್ಟುತ್ತಿದ್ದರು. ಅಂಗೈಯಲ್ಲಿ ಮುಟ್ಟಿದ ತಂತಿಯಲ್ಲಿ ಕರೆಂಟ್ ಇದ್ದರೆ ಬೆರಳು ಮಡಚಿಕೊಂಡು ತಂತಿಯನ್ನೇ ಹಿಡಿದುಬಿಡುತ್ತವಂತೆ. ಬೆನ್ನು ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದಂತೆ. ಆ ಅಭ್ಯಾಸ ಕಂಬದಿಂದ ಇಳಿದು ಮನೆಯೊಳಗೂ ಬಂದಿತ್ತು. ಚಹಾದ ಲೋಟ, ಬಾಗಿಲ ಚಿಲಕ, ಮಾರುವವಳ ಬುಟ್ಟಿಯ ಬದನೆಕಾಯಿ, ಅಕ್ಕನ ಹಣೆ, ಎಲ್ಲದಕ್ಕೂ ಮೊದಲು ಕೈಯ ಬೆನ್ನು.

"ಲೈನ್ ಸತ್ತೈತಿ ಅಂತ ಯಾರು ಹೇಳಿದ್ರೂ ನಂಬಬಾರದ್ರಿ ಟೀಚರ್ರ. ತಾನಾ ಖಾತ್ರಿ ಮಾಡಿಕೋಬೇಕು" ಎನ್ನುತ್ತಿದ್ದರು. ಅವರ ಜೊತೆಯವನೊಬ್ಬ ಇನ್ನೊಬ್ಬರ ಮಾತು ನಂಬಿ ಕಂಬದ ಮೇಲೇ ಹೋಗಿಬಿಟ್ಟಿದ್ದ.

ಇಟ್ಟಿಗಿ ಕಡೆಯ ಒಂದು ಹೊಲದ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ರಸ್ತೆ ಬದಿಯ ಸೇವಂತಿಗೆ ಹೊಲ. ಎಲ್ಲೆಲ್ಲೂ ಹೂ, ಒಂದು ಮೂಲೆಯಲ್ಲಿ ಮಾತ್ರ ಬರೀ ಎಲೆ. ಹೊಲದವನು ದೃಷ್ಟಿಯಾಗಿದೆ ಎಂದು ಹಳೇ ಚಪ್ಪಲಿ ಕಟ್ಟಿದ್ದ, ನಿಂಬೆಹಣ್ಣು ಕೊಯ್ದಿದ್ದ, ದೇವರಿಗೆ ಹರಕೆ ಹೊತ್ತಿದ್ದ. ಅಣ್ಣಾರು ಏನೋ ರಿಪೇರಿಗೆಂದು ಕಂಬ ಹತ್ತಿದವರು ಮೇಲಿನಿಂದ ನೋಡಿದರು. ಹೂ ಬಿಡದ ಜಾಗ ಮೊರದ ಆಕಾರದಲ್ಲಿತ್ತು, ಮೊರದ ಹಿಂಬದಿ ನೇರ ತಾವು ನಿಂತ ಕಂಬಕ್ಕೇ ಬಂದು ತಾಗುತ್ತಿತ್ತು. ಬೀದಿದೀಪದ ಬೆಳಕು ಬೀಳುವಷ್ಟೂ ಜಾಗ!

"ದೃಷ್ಟಿ ಅಲ್ರಿ, ಹಾಳ ಮಾಡಿದಾಂವ ನಾನಾ. ಆ ಬಲ್ಬ್ ಹಾಕಿದ ಕೈ ಇದಾ" ಎಂದು ಬಲಗೈ ತೋರಿಸುತ್ತಿದ್ದರು. ಯಾರನ್ನೂ ಕೇಳದೆ ಅಲ್ಲೇ ಬಲ್ಬ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಇಳಿದರಂತೆ. ಅದಕ್ಕೆ ಮೇಲಿನವರಿಂದ ನೋಟಿಸೂ ಬಂತು. ಮುಂದಿನ ವರ್ಷ ಆ ಮೂಲೆಯೂ ಹಳದಿಯಾಯಿತು. ಹೊಲದವನು ತಂದು ಸುರಿದ ಬುಟ್ಟಿ ಹೂವನ್ನು ಅಕ್ಕ ಕಟ್ಟೆಯ ಮೇಲೆ ಕೂತು ಕಟ್ಟಿ ಓಣಿಗೆಲ್ಲ ಹಂಚಿದ್ದಳು.

ಸೇವಂತಿಗೆಗೆ ರಾತ್ರಿ ಉದ್ದ ಇರಬೇಕು, ಅದಕ್ಕೇ ಅದು ಚಳಿ ಕಾಲಿಡುವಾಗ ಹೂ ಬಿಡುತ್ತದೆ, ಕತ್ತಲೆಯ ನಡುವೆ ಒಂದಿಷ್ಟು ಬೆಳಕು ಬಿದ್ದರೂ ಆ ರಾತ್ರಿಯನ್ನು ಅದು ರಾತ್ರಿ ಎಂದು ಎಣಿಸುವುದಿಲ್ಲ ಎಂದು ನಾನು ಪಾಠ ಮಾಡಿದೆ. ಅವರು ಕೇಳಿಸಿಕೊಂಡು, "ಹಂಗಾದ್ರ ನಾನು ಎಷ್ಟ ಹೊಲದ ನಿದ್ದಿ ಕೆಡಿಸೀನೋ ಏನೋ" ಎಂದು ಎದ್ದು ಹೋದರು.

ಅಕ್ಕನ ತವರು ಕೂಡ್ಲಿಗಿ ಕಡೆ. ಮದುವೆಯಾಗಿ ಬರುವಾಗ ತವರಿನ ಹಿತ್ತಲ ಸೇವಂತಿಗೆಯ ಒಂದು ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಸಣ್ಣ ಹೂ, ಅರಿಶಿನದ ಬಣ್ಣ, ಮೂಗಿಗೆ ಖಾರ ಹತ್ತುವಂಥ ವಾಸನೆ. ಹಡಗಲಿ ಎಂದರೆ ಮಲ್ಲಿಗೆ, ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಮಲ್ಲಿಗೆ. ಅಕ್ಕ ಮೂಗು ಮುರಿಯುತ್ತಿದ್ದಳು. "ಮಲ್ಲಿಗಿ ಊರ ಮಂದೀದವ್ವ. ಸೇವಂತಿಗಿ ನಂದು." ಮಕ್ಕಳಿರಲಿಲ್ಲ. ಹಿತ್ತಲ ತುಂಬ ಆ ಒಂದು ಮರಿಯ ಮರಿಮಕ್ಕಳೇ ಇದ್ದವು.

ಅಣ್ಣಾರು ನಿವೃತ್ತಿಯಾದ ವರ್ಷವೇ ಅಕ್ಕ ಹಾಸಿಗೆ ಹಿಡಿದಳು. ಬಿಸಿಲು ತಾಗಿದರೆ ಮುಖದ ಮೇಲೆ ಕೆಂಪು ಏಳುವ, ಕೀಲು ಕೀಲು ಹಿಡಿಯುವ, ಆಮೇಲೆ ಒಳಗಿನ ಅಂಗಗಳಿಗೆ ಇಳಿಯುವ ಕಾಯಿಲೆ. ಬಿಸಿಲಿಗೆ ಹೋಗಲೇಕೂಡದು ಎಂದರು ಡಾಕ್ಟರು. ನಮ್ಮ ಸೀಮೆಯಲ್ಲಿ ಬಿಸಿಲು ಬೇಡ ಎಂದರೆ ಇನ್ನೇನು ಉಳಿಯಿತು? ಕಿಟಕಿಗೆ ಕಪ್ಪು ಬಟ್ಟೆ ಬಂತು. ಹಿತ್ತಲು ಹತ್ತು ಹೆಜ್ಜೆ ದೂರ, ಆಕೆಗೆ ಅದು ಬೇರೆ ದೇಶವಾಯಿತು. ನೋಡುವವರಿಲ್ಲದೆ ಗಿಡಗಳು ಒಣಗತೊಡಗಿದವು.

ಬೇಸಿಗೆಯ ಒಂದು ಸಂಜೆ ಅಣ್ಣಾರು ಮಹಡಿಗೆ ಬಂದರು. ಎಂದೂ ಬಂದವರಲ್ಲ. ಕೂರಿ ಎಂದರೂ ಕೂರಲಿಲ್ಲ.

"ಟೀಚರ್ರ, ಆ ಸೇವಂತಿಗೀನ ಮನಿ ಒಳಗ ಬೆಳಸಾಕ ಬರತೈತೇನ್ರಿ?"

"ಬರುತ್ತೆ. ಬೆಳಕು ಕೊಟ್ರಾಯ್ತು. ದೀಪಾವಳಿ ಹೊತ್ತಿಗೆ ಹೂ ಬಿಡುತ್ತೆ."

"ದೀಪಾವಳಿತನ ಆಗಂಗಿಲ್ರಿ." ಗೋಡೆಯನ್ನು ಕೈಯ ಬೆನ್ನಿನಿಂದ ಸವರುತ್ತ ಹೇಳಿದರು. "ಅಷ್ಟು ದಿನ ಆಕಿಗಿಲ್ಲ ಅಂದಾರ. ನಾಗರ ಪಂಚಮಿಗೆ ಬಿಡಸಾಕ ಆಗತೈತೇನು ನೋಡ್ರಿ. ಹೆಣ್ಮಕ್ಕಳ ಹಬ್ಬ. ತವರಿಗಂತೂ ಹೋಗಂಗಿಲ್ಲ. ತವರ ಹೂವರ ಮುಡೀಲಿ."

ನಾನು ಎರಡು ದಿನ ಕೂತು ಓದಿದೆ. ಮೂರನೆಯ ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಎಲೆಯೊಳಗೆ ಒಂದು ವಸ್ತುವಿದೆ. ಕೆಂಪು ಬೆಳಕು ಬಿದ್ದರೆ ಅದು ಹಗಲು ಎಂದು ತಿಳಿಯುತ್ತದೆ. ಕೆಂಪಿನ ಕಟ್ಟಕಡೆಯ ಅಂಚಿನಲ್ಲಿ ನಮ್ಮ ಕಣ್ಣಿಗೆ ಕಂಡೂ ಕಾಣದ ಇನ್ನೊಂದು ಬೆಳಕಿದೆ, ಫಾರ್ ರೆಡ್ ಅಂತ. ಸಂಜೆ ಅದನ್ನು ಸ್ವಲ್ಪ ಹೊತ್ತು ಬಿಟ್ಟರೆ ಅದೇ ವಸ್ತು ರಾತ್ರಿಯಾಯಿತೆಂದು ಬೇಗ ಒಪ್ಪಿಕೊಳ್ಳುತ್ತದೆ. ಆಮೇಲೆ ಬೆಳಗಿನವರೆಗೆ ಗಾಢ ಕತ್ತಲೆ ಇರಬೇಕು. ಹೀಗೆ ಆಷಾಢದಲ್ಲೇ ಗಿಡಕ್ಕೆ ಕಾರ್ತಿಕ ಬಂತೆಂದು ನಂಬಿಸಬಹುದು. ಅಣ್ಣಾರು ತಲೆದೂಗಿದರು.

"ಮೆಟ್ಟಲದ ಟೂ-ವೇ ಸ್ವಿಚ್ ಇದ್ದಂಗ ಅನ್ರಿ. ಕೆಳಗ ಒತ್ತಿದ್ರ ಹತ್ತತೈತಿ, ಮ್ಯಾಲ ಒತ್ತಿದ್ರ ಆರತೈತಿ."

ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ. ಈಗಲೂ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ.

ತರಿಸಿದ ದೀಪ ಬಂತು. ಹಚ್ಚಿ ನೋಡಿ, "ಮೋಸ ಆತ್ರಿ, ಬಲ್ಬ್ ಹೋಗೈತಿ" ಎಂದರು. ಬೂದಿ ಮುಚ್ಚಿದ ಕೆಂಡದ ಹಾಗಿತ್ತು ಅದು. ಅದು ಇರುವುದೇ ಹಾಗೆ, ನಮಗೆ ಕಾಣದಿದ್ದರೂ ಎಲೆಗೆ ತಿಳಿಯುತ್ತದೆ ಎಂದೆ. ಅಕ್ಕ ಹಾಸಿಗೆಯಲ್ಲೇ ನಕ್ಕಳು. "ನಮಗ ಕಾಣದ್ದು ಎಲಿಗೆ ಕಾಣತೈತಿ ಅಂದ್ರ ಅದು ನಿಮ್ಮ ಅಣ್ಣಾರಗಿಂತ ಶ್ಯಾಣೆ ಆತು ಬಿಡು."

ವೈಶಾಖದಲ್ಲೇ ಆರು ಕುಂಡಗಳು ಅಕ್ಕನ ಕೋಣೆಗೆ ಬಂದವು. ಹಗಲೆಲ್ಲ ಬಿಳಿ ಟ್ಯೂಬ್‌ಲೈಟು, ಬಿಸಿಗೆ ಕೂಲರು. ಸಂಜೆ ಐದೂವರೆಗೆ ಕಾಲು ಗಂಟೆ ಆ ಕಾಣದ ಕೆಂಪು. ಆಮೇಲೆ ವೈರಿಂಗಿನ ಪೈಪು ಬಗ್ಗಿಸಿ ಮಾಡಿದ ಚೌಕಟ್ಟಿನ ಮೇಲೆ ಕರೀ ಕಂಬಳಿ, ಕುರಿ ಕಾಯುವ ಗೆಳೆಯನೊಬ್ಬ ಕೊಟ್ಟದ್ದು. ಬೆಳಕು ಎಲ್ಲಾದರೂ ನುಸುಳುತ್ತದೆಯೋ ನೋಡಬೇಕೆಂದು ಅಣ್ಣಾರು ಮಟಮಟ ಮಧ್ಯಾಹ್ನ ಕುಂಡ ಸರಿಸಿ ತಾವೇ ಆ ಕಂಬಳಿಯೊಳಗೆ ಕೂತರು. ಅರ್ಧ ಗಂಟೆ! ಬೆವರಿನಲ್ಲಿ ತೊಯ್ದು ಹೊರಗೆ ಬಂದು, "ಬರೋಬರಿ ಐತಿ. ನನ್ನ ಕೈ ನನಗ ಕಾಣಲಿಲ್ಲ" ಎಂದರು. "ಹೂ ಬಿಟ್ಟೀರೇನು ನೋಡ್ರಿ, ಒಂದರ ಮೊಗ್ಗು ಬಂದೈತೇನು" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು, ಹೋಯಿತು. ಮೊಗ್ಗು ಬರಲಿಲ್ಲ. ಗಿಡ ಮಾತ್ರ ಹಸಿರು ಹಸಿರಾಗಿ ಎತ್ತರ ಬೆಳೆಯಿತು. ನಾನು ಅಣ್ಣಾರ ಮೇಲೆ ರೇಗಿದೆ: ಎಲ್ಲೋ ಬೆಳಕು ಹೋಗ್ತಿದೆ, ಸರಿಯಾಗಿ ನೋಡಿ. ಅವರು ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದಿಸಿದರು. ಫಾರ್ ರೆಡ್ ದೀಪ ಬದಲಾಯಿಸಿದರು. ನಡುವೆ ಒಂದು ದಿನ, ಆ ಕಾಣದ ಕೆಂಪಿನ ಚಿಕ್ಕ ಬಲ್ಬನ್ನೇ ಹಾಕಿ ಒಂದು ಟಾರ್ಚು ಮಾಡಿ ಅಕ್ಕನ ಕೈಗೆ ಕೊಟ್ಟರು. ಯಾಕೆ ಎಂದು ನನಗೆ ತಿಳಿಯಲಿಲ್ಲ.

"ಇದೆಂಥಾ ಟಾರ್ಚ್ರಿ? ಹಚ್ಚಿದ್ರೂ ಅಷ್ಟ, ಆರಿಸಿದ್ರೂ ಅಷ್ಟ. ನನಗ ಮೊಬೈಲ್ ಬೆಳಕಾ ಚಲೋ" ಎಂದು ಅಕ್ಕ ಅದನ್ನು ದಿಂಬಿನ ಕೆಳಗೆ ತುರುಕಿದಳು. ಅಣ್ಣಾರು ಕಂಬಳಿ ಕೊಡವಿ ಮಡಿಸಿಟ್ಟು ಹೊರಗೆ ಹೋದರು. ಆಮೇಲೆ ಅವರು ಗಿಡದ ವಿಷಯಕ್ಕೆ ನನ್ನನ್ನು ಏನೂ ಕೇಳಲಿಲ್ಲ. ನಾನೇ ಕೇಳಿದರೆ, "ಬಲ್ಬ್ ಡೂಪ್ಲಿಕೇಟ್ ಇರಬೇಕ್ರಿ" ಎಂದು ಬೇರೆ ಮಾತು ತೆಗೆಯುತ್ತಿದ್ದರು. ಸಂಜೆಯ ಕೆಂಪು, ಕಂಬಳಿ ಮಾತ್ರ ಒಂದು ದಿನ ತಪ್ಪಲಿಲ್ಲ.

ಪಂಚಮಿ ಬಂತು. ಸೇವಂತಿಗೆಯಲ್ಲಿ ಬರೀ ಎಲೆ. ನಾನು ಸಂತೆಯಿಂದ ಮಲ್ಲಿಗೆ ತಂದು ಅಕ್ಕನ ತಲೆಗೆ ಮುಡಿಸಿದೆ. ಕೂದಲು ಉದುರಿ ಹೂ ನಿಲ್ಲುತ್ತಿರಲಿಲ್ಲ. ಆಕೆ ಹತ್ತಿರದ ಕುಂಡಕ್ಕೆ ಕೈ ಚಾಚಿ ಎಲೆ ಸವರಿದಳು. "ಬಿಡತೈತಿ ತಗೋ ತಂಗಿ. ಇದೂ ನನ್ನಂಗ, ಎಲ್ಲಾದಕ್ಕೂ ತಡ." ಅಳು ತಡೆಯಲಾರದೆ ನಾನು ಅಡುಗೆಮನೆಗೆ ಹೋದೆ. ನನ್ನ ಓದೆಲ್ಲ ಯಾತಕ್ಕೆ ಬಂತು ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಪಂಚಮಿ ಕಳೆದು ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಕ ಹೋದಳು. ಓಣಿಯವರು ಬಂದರು, ಡಾಕ್ಟರೂ ಬಂದು ನೋಡಿ ಹೇಳಿ ಹೋದರು. ಅಣ್ಣಾರು ಮಾತ್ರ ಆಕೆಯ ಕೆನ್ನೆಗೆ ಕೈಯ ಬೆನ್ನು ಇಟ್ಟುಕೊಂಡು ಕೂತೇ ಇದ್ದರು. ಯಾರೋ ಹಿರಿಯರು, "ಏಳಪಾ ಇನ್ನ" ಎಂದರು. ಅವರು ಏಳಲಿಲ್ಲ. ಬೇರೆಯವರು ಹೇಳಿದ್ದನ್ನು ಅವರು ಹೇಗೆ ನಂಬಿಯಾರು? ಬಹಳ ಹೊತ್ತಿನ ಮೇಲೆ ಕೈ ತೆಗೆದು, "ಹೌದು" ಎಂದರು. ಅಷ್ಟೇ ಅಂದದ್ದು.

ಅಕ್ಕನ ತಿಂಗಳ ದಿನ. ಫೋಟೋ ಇಡಲೆಂದು ಆ ಕೋಣೆಗೆ ಹೋದೆ. ಕುಂಡಗಳು ಅಲ್ಲೇ ಇದ್ದವು. ಅಣ್ಣಾರು ದಿನವೂ ಸಂಜೆ ಕೆಂಪು ಹಚ್ಚಿ ಕಂಬಳಿ ಹೊದಿಸುವುದನ್ನು ಬಿಟ್ಟಿರಲಿಲ್ಲ. ಬಗ್ಗಿ ನೋಡಿದೆ. ಪ್ರತಿ ಕುಡಿಯಲ್ಲೂ ಜೋಳದ ಕಾಳಿನಷ್ಟು ಮೊಗ್ಗು.

"ಅಣ್ಣಾರೇ! ಮೊಗ್ಗು!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಯಾರಿಗೆ ಹೇಳುತ್ತಿದ್ದೇನೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅವರು ಬಾಗಿಲಲ್ಲೇ ನಿಂತಿದ್ದರು. "ನೋಡೀನ್ರಿ. ನಾಕ ದಿನ ಆತು."

"ಈಗ ಹೇಗೆ ಬಂತು? ಅದೇ ದೀಪ, ಅದೇ ಕಂಬಳಿ..."

"ಈಗ ಕಂಬಳಿ ಎತ್ತಿ ನೋಡೋರಿಲ್ಲಲ್ರಿ."

ಹೊಸ್ತಿಲ ಮೇಲೆ ಕೂತು ಹೇಳಿದರು. ಕೀಲುನೋವಿಗೆ ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ದಿನವೂ ರಾತ್ರಿ ಇವರು ಮಲಗಿದರೆಂದು ತಿಳಿದು, ಗೋಡೆ ಹಿಡಿದು ಎದ್ದು, ಕಂಬಳಿಯ ಸೆರಗು ಎತ್ತಿ, ಮೊಬೈಲಿನ ಬೆಳಕು ಹಾಕಿ ಒಂದೊಂದೇ ಕುಡಿಯನ್ನು ನೋಡುತ್ತಿದ್ದಳಂತೆ, ಮೊಗ್ಗು ಬಂತೇನೋ ಎಂದು. ಇಟ್ಟಿಗಿಯ ಹೊಲಕ್ಕೆ ಬೀದಿದೀಪ ಮಾಡಿದ್ದನ್ನೇ ಆ ಮೊಬೈಲು ಮಾಡುತ್ತಿತ್ತು.

"ನಿಮಗೆ ಗೊತ್ತಿತ್ತಾ?"

"ಮೊದಲನೇ ಸರ್ತಿ ನೋಡಿದಾಗ 'ಲೇ, ಆರಸಲೇ' ಅಂತ ಬಾಯಿಗೆ ಬಂದಿತ್ರಿ. ಅಷ್ಟರಾಗ ಆಕಿ ಮಾರಿ ಕಂಡೆ. ಆ ಬೆಳಕಿನಾಗ ಆಕಿ ಮಾರಿ ಮ್ಯಾಲ ಬ್ಯಾನಿ ಇರಲಿಲ್ರಿ. ಮದಿವ್ಯಾಗಿ ಬಂದಾಗಿನ ಮಾರಿ ಇತ್ತು. ಕಾಣದ ಟಾರ್ಚ್ ಮಾಡಿ ಕೊಟ್ಟೆ, ಗಿಡದ ನಿದ್ದಿ ಕೆಡದಂಗ ಅದರಾಗರ ನೋಡಲಿ ಅಂತ. ಆಕಿಗೆ ಕಾಣಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. "ಒಂದು ಮಾತು ಹೇಳಿದ್ರೆ ಹೂ ಬಿಡ್ತಿತ್ತಲ್ಲ ಅಣ್ಣಾರೇ! ಪಂಚಮಿಗೆ ಮುಡಿದು ಹೋಗ್ತಿದ್ಲು! ಇಷ್ಟೆಲ್ಲ ಮಾಡಿದ್ದು ಯಾತಕ್ಕೆ?"

"ಹೇಳಿದ್ರ ನಾನಾ ಕೆಡಿಸಿದೆ ಅಂತ ಅಳತಿದ್ಲ್ರಿ. ಮತ್ತ ಎದ್ದು ನೋಡತಿದ್ದಿಲ್ಲ. ಹೂವಾಗಿದ್ರ ಹತ್ತು ದಿನದ ಖುಷಿ. ಇದು ದಿನಾ ಇತ್ತು." ತಮ್ಮ ಬಲಗೈ ನೋಡಿಕೊಂಡು ಹೇಳಿದರು: "ಎಷ್ಟ ಮಂದಿ ಮನಿ ಕರೆಂಟ್ ಕಿತ್ತೀನ್ರಿ ನಾನು. ಆಕಿ ಕೈಯಾಗಿನ ಬೆಳಕು ಆರಸಾಕ ಆಗಲಿಲ್ಲ."

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಆ ಮನುಷ್ಯ ಅಷ್ಟು ಅಂಜಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ತಪ್ಪು ಮಾಡಿದೆನೇನ್ರಿ ಟೀಚರ್ರ?"

ಇಲ್ಲ ಅನ್ನಬೇಕಿತ್ತು. ಒಂದು ಮಾತು. ನನ್ನ ಹಾಳು ಸಿಟ್ಟು, ನನ್ನ ಹಾಳು ವಿಜ್ಞಾನ. ಪಂಚಮಿಯ ದಿನ ಎಲೆ ಸವರಿದ ಅಕ್ಕನ ಕೈಯೇ ಕಣ್ಣ ಮುಂದೆ ನಿಂತಿತ್ತು. ಉತ್ತರ ಕೊಡದೆ ಮೆಟ್ಟಿಲು ಹತ್ತಿಬಿಟ್ಟೆ.

ಮೊಗ್ಗುಗಳು ಮಹಾನವಮಿ ಹೊತ್ತಿಗೆ ಒಡೆದವು. ಹೂ ಕಟ್ಟಲು ಬಾರದ ಅಣ್ಣಾರು ಕಂಬದ ಪಿಂಗಾಣಿ ಇನ್ಸುಲೇಟರಿಗೆ ತಂತಿ ಬಿಗಿಯುವ ಗಂಟು ಹಾಕಿ ಒಂದೊಂದೇ ಹೂವನ್ನು ದಾರಕ್ಕೆ ಬಿಗಿದಿದ್ದರು. ಫೋಟೋದ ಮೇಲೆ ಆ ಮಾಲೆ ಒಣಗಿದರೂ ಒಂದು ಹೂ ಉದುರಲಿಲ್ಲ. ಮಾರನೆಯ ದಿನದಿಂದ ಅವರು ಕಂಬಳಿ ಹೊದಿಸುವುದನ್ನು ನಿಲ್ಲಿಸಿದರು, ಫಾರ್ ರೆಡ್ ದೀಪ ಬಿಚ್ಚಿಟ್ಟರು, ಕುಂಡಗಳ ಮೇಲೆ ಒಂದು ಸಣ್ಣ ಬಿಳಿ ಬಲ್ಬು ಹಾಕಿದರು. ಆ ಖಾಲಿ ಕೋಣೆಯಲ್ಲಿ ಅದು ರಾತ್ರಿಯಿಡೀ ಉರಿಯುತ್ತಿತ್ತು. ನನ್ನ ಬಚ್ಚಲ ದೀಪಕ್ಕೆ ಜಗಳ ತೆಗೆದಿದ್ದ ಮನುಷ್ಯ! ಹೀಗಾದರೆ ಇನ್ನು ಹೂ ಬಿಡುವುದಿಲ್ಲವಲ್ಲ ಎಂದದ್ದಕ್ಕೆ, "ಆಕಿ ನೋಡೂಮುಂದ ಬಿಡಲಿಲ್ಲ. ಇನ್ನ ಯಾರಿಗೆ ಬಿಡಬೇಕ್ರಿ ಅದು?" ಎಂದರು.

ಅದಾದ ಮೇಲೂ ಎರಡು ವರ್ಷ ಆ ಮನೆಯಲ್ಲಿದ್ದೆ. ಚಹಾ ಕುಡಿದೆವು, ಊರ ಸುದ್ದಿ ಮಾತಾಡಿದೆವು. ಆ ಪ್ರಶ್ನೆಗೆ ಉತ್ತರ ಹೇಳಲು ನೂರು ಸಂಜೆಗಳಿದ್ದವು. ನಾಳೆ ಹೇಳೋಣ ಎಂದುಕೊಂಡೇ ವರ್ಗವಾಗಿ ಬಂದೆ. ಅವರೂ ಇನ್ನೊಮ್ಮೆ ಕೇಳಲಿಲ್ಲ.

ಈ ಸಲ ಅಣ್ಣಾರ ತಿಂಗಳ ದಿನಕ್ಕೆ ಹೋಗಿದ್ದೆ. ಕೊಟ್ಟೂರಿನಿಂದ ಬಂದಿದ್ದ ಅವರ ತಂಗಿ ಬಾಗಿಲು ತೆರೆದರು. ಅಕ್ಕನ ಕೋಣೆಯ ಬಲ್ಬು ಆರಿತ್ತು, ಕಪ್ಪು ಬಟ್ಟೆ ತೆಗೆದ ಕಿಟಕಿಯಿಂದ ಹಗಲು ಒಳಗೆ ಬಂದಿತ್ತು.

"ಖಾಲಿ ಕ್ವಾಣ್ಯಾಗ ಬಲ್ಬ್ ಯಾಕ ಅಂತ ಅಣ್ಣ ಹೋದ ದಿನಾನ ಆರಿಸೀನವ್ವ" ಎಂದರು. "ನೋಡಿಲ್ಲಿ, ಎಷ್ಟ ಮೊಗ್ಗು ಬಂದಾವು!"

ಪ್ರತಿ ಕುಡಿಯಲ್ಲೂ ಜೋಳದ ಕಾಳು. ಇಬ್ಬರ ಫೋಟೋ ಪಕ್ಕಪಕ್ಕದಲ್ಲಿತ್ತು. ನಾನು ಕುಂಡದ ಪಕ್ಕ ಕೂತು ನಾಚಿಕೆಬಿಟ್ಟು ಅತ್ತೆ. ಬುಡದಲ್ಲಿದ್ದ ಒಂದು ಮರಿಯನ್ನು ಬೇರು ಸಮೇತ ಬಿಡಿಸಿ, ಕರವಸ್ತ್ರ ನೆನೆಸಿ ಸುತ್ತಿಕೊಂಡು ಬಸ್ ಹತ್ತಿದೆ.

ಆ ಮರಿ ಈಗ ನಮ್ಮ ಮನೆಯೊಳಗೆ ಚೆನ್ನಾಗಿ ಹತ್ತಿಕೊಂಡಿದೆ. ಊರೆಲ್ಲ ಸೇವಂತಿಗೆ ಬಿಟ್ಟಿದೆ, ಇದರಲ್ಲಿ ಬರೀ ಎಲೆ. "ಸೈನ್ಸ್ ಟೀಚರ್ ಮನೇಲಿ ಹೂವೇ ಬಿಡಲ್ವಲ್ಲೇ" ಎಂದು ನನ್ನ ಗಂಡ ಕಾಡಿಸುತ್ತಾರೆ. ನಗುತ್ತೇನೆ. ರಾತ್ರಿ ನೀರು ಕುಡಿಯಲು ಎದ್ದಾಗ ಮೊಬೈಲಿನ ಬೆಳಕು ಹಾಕಿ ಒಂದೊಂದೇ ಕುಡಿಯನ್ನು ನೋಡುತ್ತೇನೆ, ಒಂದು ದಿನವೂ ತಪ್ಪದೆ.

ತಪ್ಪಲ್ಲ ಅಣ್ಣಾರೇ. ನೀವು ಮಾಡಿದ್ದು ತಪ್ಪಲ್ಲ.